ಇಗರ್ಜಿಯ ಕುಟುಂಬ ದಾಖಲೆಗೆ ಆ್ಯಪ್: ಯಾವ ಕಾಲಂ ಇಡಬೇಕು, ಯಾರಿಗೆ ಪಟ್ಟಿ ಕೊಡಬಾರದು?

ಕಡಲತಡಿ ಕೋಡರ್

ದಕ್ಷಿಣ ಕನ್ನಡದ ಒಂದು ಕಥೋಲಿಕ ಧರ್ಮಕೇಂದ್ರ. 640 ಕುಟುಂಬ, 22 ವಾಳೆ (ಹತ್ತಿರದ ಮನೆಗಳ ಗುಂಪು). ಕುಟುಂಬ ದಾಖಲೆಗೆ ಸಣ್ಣದೊಂದು ವೆಬ್ ಆ್ಯಪ್ ಮಾಡಿಕೊಡಿ ಅಂತ ಫಾದರ್ ಕೇಳಿದ್ದಾರೆ. ಸೇವೆ, ದುಡ್ಡಿನ ಮಾತಿಲ್ಲ. ಆಫೀಸು ಮುಗಿಸಿ ವಾರಕ್ಕೆ ಐದಾರು ಗಂಟೆ ಸಿಗುತ್ತದೆ. ಭಾನುವಾರ ಲ್ಯಾಪ್‌ಟಾಪ್ ತೆರೆಯುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಾಗಿದೆ. ಈಗಿರುವುದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಎಕ್ಸೆಲ್ ಹಾಳೆಗಳು, ನಡುನಡುವೆ ಇಂಗ್ಲಿಷ್.

ಹೆಸರು ಹುಡುಕಿದರೆ ಅರ್ಧಕ್ಕರ್ಧ ಸಿಗುವುದಿಲ್ಲ. ಧರ್ಮಕೇಂದ್ರದ ಸಲಹಾ ಮಂಡಳಿಯಾದ ಪಾಲನಾ ಪರಿಷದ್‌ನವರು ಜಾತಿ, ಆದಾಯ, ರಕ್ತದ ಗುಂಪು, ಆಧಾರ್ ಎಲ್ಲಾ ಇರಲಿ ಅನ್ನುತ್ತಾರೆ. ಇನ್ನೊಂದು ಕಿರಿಕಿರಿಯದ್ದು: ಪಕ್ಷವೊಂದರಲ್ಲಿ ಓಡಾಡುವ ಸದಸ್ಯರೊಬ್ಬರು 18 ದಾಟಿದವರ ವಾಳೆವಾರು ಪಟ್ಟಿಯನ್ನು ಫೋನ್ ನಂಬರ್ ಸಮೇತ ಕೇಳುತ್ತಿದ್ದಾರೆ. "ನಮ್ಮವರ ಓಟು ಒಡೆಯಬಾರದು" ಅನ್ನುವುದು ಅವರ ವಾದ. ಇಲ್ಲ ಅನ್ನಲು ಗಟ್ಟಿ ಕಾರಣ ಬೇಕು.

ಒತ್ತಕ್ಷರ

ಹೆಸರಿನದ್ದು ಹೇಳುತ್ತೇನೆ. ನುಡಿಯ ಹಳೆಯ ಫಾಂಟಿನಲ್ಲಿರುವುದು ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಲ್ಯಾಟಿನ್ ಅಕ್ಷರ. ಯುನಿಕೋಡಿಗೆ ಪರಿವರ್ತಿಸುವ ಮೊದಲು ಸೆಲ್‌ಗಳನ್ನು ಫಾಂಟಿನ ಹೆಸರು ನೋಡಿ ಬೇರ್ಪಡಿಸಿ. ಇಡೀ ಹಾಳೆಗೆ ಒಟ್ಟಿಗೆ ಓಡಿಸಿದರೆ ನಿಜವಾದ ಇಂಗ್ಲಿಷ್ ಸೆಲ್‌ಗಳೂ ಕಲಸುಮೇಲೋಗರ ಆಗುತ್ತವೆ. ಆಮೇಲೆ ಅರ್ಕಾವತ್ತು, ಒತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ: ಫರ್ನಾಂಡಿಸ್, ಮಾರ್ಟಿಸ್, ಕ್ರಾಸ್ತಾ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು. ಪರಿವರ್ತಕಗಳು ಎಡವುವುದು ಅಲ್ಲೇ.

ಇನ್ನು "ಲೋಬೊ". ಇದರ "ಲೋ"ಗೆ ಹತ್ತುವ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಚಿಹ್ನೆಗೆ ಕೂಡಿಸುವ ಯುನಿಕೋಡ್ ಕ್ರಮ) ಮಾಡಿಸಿ. ಅಕ್ಷರದ ನಡುವೆ ಅಡಗುವ ಶೂನ್ಯ ಅಗಲದ ಚಿಹ್ನೆಗಳು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ಅವನ್ನು ಹುಡುಕಾಟಕ್ಕೆಂದೇ ಇಟ್ಟ ಪ್ರತ್ಯೇಕ ಕಾಲಮಿನಿಂದ ಮಾತ್ರ ತೆಗೆಯಿರಿ, ತೋರಿಸುವ ಹೆಸರಿನಿಂದಲ್ಲ.

ಇಂಗ್ಲಿಷಿನ ಡಿಸೋಜದ್ದು (D'Souza) ಬೇರೆಯೇ ರಗಳೆ. ನಡುವಿನ ಕೊಕ್ಕೆ ಕೀಬೋರ್ಡಿನಲ್ಲಿ ನೇರವಾಗಿ ಬೀಳುತ್ತದೆ, ಫೋನಿನಲ್ಲಿ ಬಾಗಿದ್ದು. ಹುಡುಕಾಟದ ಕಾಲಮಿನಲ್ಲಿ ಕೊಕ್ಕೆ, ಖಾಲಿ ಜಾಗ ಎರಡನ್ನೂ ಕಿತ್ತುಹಾಕಿ. ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ವಾಕ್ಯವನ್ನು ಹೆಸರು ಅಂಟಿಸಿ ಕಟ್ಟಲೇಬೇಡಿ, ನೇರ ಕೊಕ್ಕೆ ವಾಕ್ಯವನ್ನು ಅರ್ಧಕ್ಕೇ ತುಂಡರಿಸುತ್ತದೆ; ಮೌಲ್ಯವನ್ನು ಪ್ಯಾರಾಮೀಟರ್ ಆಗಿ, ಅಂದರೆ ವಾಕ್ಯದಿಂದ ಬೇರೆಯಾಗಿ ಕಳಿಸಿ. ಬೇರೆ ಕಡೆ ಈ ತಪ್ಪು ಹ್ಯಾಕರ್ ಬಂದಾಗ ಗೊತ್ತಾಗುತ್ತದೆ, ನಮ್ಮ ಕಡೆ ಮೊದಲ ಡಿಸೋಜ ಕುಟುಂಬಕ್ಕೇ ಸಿಕ್ಕಿಬೀಳುತ್ತದೆ! ಹೆಸರು ಒಂದೇ ಅಂತ ದಾಖಲೆಗಳನ್ನು ತಾನಾಗಿ ಜೋಡಿಸುವ ಸೌಲಭ್ಯ ಮಾತ್ರ ಬೇಡ. ಒಂದೇ ವಾಳೆಯಲ್ಲಿ ಮೂವರು ಜೋನ್ ಡಿಸೋಜ ಇರುತ್ತಾರೆ.

ಹಳೆ ರಿಜಿಸ್ಟರ್

ನೀವು ಎರಡು ಬೇರೆ ವಸ್ತುಗಳನ್ನು ಒಂದು ಮಾಡುತ್ತಿದ್ದೀರಿ. ಕುಟುಂಬ ಪಟ್ಟಿ ಬದಲಾಗುತ್ತಾ ಇರುವಂಥದ್ದು. ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರ್‌ಗಳು ಹಾಗಲ್ಲ. 1983ರ ಧರ್ಮಸಭೆಯ ಕಾನೂನಿನ 535ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರ ಇಡಲೇಬೇಕಾದ ಪುಸ್ತಕಗಳು. ಆ್ಯಪ್ ಅವುಗಳ ಜಾಗಕ್ಕೆ ಬರಬಾರದು, ಪುಸ್ತಕ ಮತ್ತು ಪುಟದ ಸಂಖ್ಯೆ ತೋರಿಸಿದರೆ ಸಾಕು.

ದೀಕ್ಷಾಸ್ನಾನದ ಸಾಲನ್ನು ಯಾರೂ ಅಳಿಸಿ ಬರೆಯುವುದಿಲ್ಲ. ಆ ಮಗು ಮುಂದೆ ದೃಢೀಕರಣ ಸಂಸ್ಕಾರ ಪಡೆದಾಗ, ಮದುವೆಯಾದಾಗ ಪಕ್ಕದ ಅಂಚಿನಲ್ಲಿ ಟಿಪ್ಪಣಿ ಬೀಳುತ್ತದೆ. ಮದುವೆ ಬೇರೆ ಊರಿನಲ್ಲಾದರೆ ಅಲ್ಲಿಂದ ದೀಕ್ಷಾಸ್ನಾನವಾದ ಇಗರ್ಜಿಗೆ ಸೂಚನೆ ಬರಬೇಕು. ಮದುವೆಗೆ ಮುಂಚೆ ಹೊಸದಾಗಿ ತೆಗೆದ ಪ್ರಮಾಣಪತ್ರ ಕೇಳುವುದೇ ಅಂಚಿನಲ್ಲಿ ಏನಿದೆ ಅಂತ ನೋಡಲು. ಆದ್ದರಿಂದ ಆ್ಯಪಿನಲ್ಲಿ ಈ ಸಾಲುಗಳ ನಕಲು ಇಟ್ಟರೂ ಆ ಟೇಬಲ್‌ನಲ್ಲಿ ತಿದ್ದುಪಡಿ ಇರಲೇಬಾರದು. ಟಿಪ್ಪಣಿಗೆ ಪ್ರತ್ಯೇಕ ಟೇಬಲ್: ತಾರೀಖು, ಬರೆದವರು, ಆಧಾರವಾದ ಪತ್ರ. ದತ್ತು ಮಗು, ತಂದೆಯ ಹೆಸರಿಲ್ಲದ ಸಾಲು ಇಂಥವು ಗುರುಗಳ ಲಾಗಿನ್‌ಗೆ ಮಾತ್ರ ಕಾಣಲಿ, ವಾಳೆಯ ಮುಖಂಡನಾದ ಗುರ್ಕಾರ್‌ಗೆ ಬೇಡ.

ಕಾಲಂ? ಮನೆ ಹೆಸರು, ವಾಳೆ, ಸದಸ್ಯರು, ಹುಟ್ಟಿದ ದಿನ, ಸಂಬಂಧ, ಮನೆಗೊಂದು ಫೋನ್. ಆಧಾರ್ ಖಂಡಿತ ಬೇಡ. ಆದಾಯ ಬೇಕಾಗುವುದು ಬಡವರ ಸಹಾಯಕ್ಕೆ, ಅದನ್ನು ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ತಮ್ಮ ಪುಸ್ತಕದಲ್ಲೇ ನೋಡಿಕೊಳ್ಳಲಿ. ಜಾತಿ ಅಂತೂ ಬೇಡವೇ ಬೇಡ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಇದೆ, ಕ್ರೈಸ್ತರಿಗಿಲ್ಲ. ಜಾತಿ ಮತ್ತು ದೀಕ್ಷಾಸ್ನಾನದ ತಾರೀಖು ಒಂದೇ ಸಾಲಿನಲ್ಲಿರುವ ಫೈಲ್ ಸೋರಿದರೆ ಯಾವುದೋ ಮನೆಯ ಸರ್ಟಿಫಿಕೇಟಿಗೂ ಕೆಲಸಕ್ಕೂ ಸಂಚಕಾರ.

ಮತಗಟ್ಟೆ

ಪಟ್ಟಿಯ ವಿಷಯಕ್ಕೆ ಕಾರಣ ಕೇಳಿದಿರಿ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ತೆಗೆದು ನೋಡಿ: ಸಂಸ್ಥೆಯ ಜಾಗವನ್ನಾಗಲಿ, ಹಣ ಅಥವಾ ಬೇರೆ ಸ್ವತ್ತನ್ನಾಗಲಿ ಪಕ್ಷದ ಲಾಭಕ್ಕೆ ಬಳಸಬಾರದು. ಶಿಕ್ಷೆ 5 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಸಿಕ್ಕಿಕೊಳ್ಳುವುದು ಪಟ್ಟಿ ಕೇಳಿದವರಲ್ಲ, ಸಂಸ್ಥೆ ನಡೆಸುವವರು. ಫಾದರ್‌ಗೆ ಇದನ್ನು ಮೊದಲು ಹೇಳಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಇದೆ. ಕಾಗದದ ರಿಜಿಸ್ಟರ್‌ಗೆ ಅದು ತಾಗುವುದಿಲ್ಲ, ಡಿಜಿಟಲ್ ಆದ ಗಳಿಗೆಯಿಂದ ತಾಗುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು. ಒಂದು ಉದ್ದೇಶಕ್ಕೆ ಒಪ್ಪಿಗೆ ಪಡೆದು ಇನ್ನೊಂದಕ್ಕೆ ಬಳಸುವಂತಿಲ್ಲ. 18ರ ಕೆಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು. ಫಾರಂನ ಅಡಿಯಲ್ಲಿ "ಧರ್ಮಕೇಂದ್ರದ ಪಾಲನಾ ಸೇವೆಗೆ ಮಾತ್ರ" ಅಂತ ಈಗಲೇ ಅಚ್ಚು ಹಾಕಿಸಿ, ಮುಂದೆ ಯಾರು ಕೇಳಿದರೂ ಆ ಸಾಲು ತೋರಿಸಬಹುದು.

"ನಮ್ಮವರ ಓಟು" ಅನ್ನುವವರಿಗೆ ಇನ್ನೊಂದು ಮಾತು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ರ ಪ್ರಕಾರ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಇದಕ್ಕೆ ಮತದಾರನ ಧರ್ಮವೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು 4–3ರಲ್ಲಿ ಹೇಳಿದೆ. ಅಂಥ ತೀರ್ಪಿಗೆ ಅವರ ಅಭ್ಯರ್ಥಿಯೇ ಬಲಿಯಾದಾನು.

ಹಾಗಂತ ಚುನಾವಣೆಯಿಂದ ದೂರ ಓಡಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿಕೊಳ್ಳಿ ಅಂತ ಪೂಜೆಯ ಕೊನೆಯಲ್ಲಿ ಪ್ರಕಟಣೆ ಕೊಡಬಹುದು. ಹೊಸಬರಿಗೆ ನಮೂನೆ 6, ವಿಳಾಸ ಬದಲಾದವರಿಗೆ 8. ಗಲ್ಫಿನಲ್ಲಿರುವವರಿಗೆ 6ಎ, ಆದರೆ ಓಟಿಗೆ ಅವರೇ ಊರಿನ ಮತಗಟ್ಟೆಗೆ ಬರಬೇಕು. ಇದಕ್ಕೆಲ್ಲ ನಿಮ್ಮ ಡೇಟಾಬೇಸ್ ತೆರೆಯುವ ಅಗತ್ಯವೇ ಇಲ್ಲ.

ಕಡಲತಡಿ ಕೋಡರ್

ಉಪಕಾರವಾಯಿತು. ಮುಂದೊಂದು ದಿನ ಫಾದರ್ ವರ್ಗವಾಗಿ, ಬಂದವರೇ "ಕೊಟ್ಟುಬಿಡಿ" ಅಂದರೆ?

ಹಳೆ ರಿಜಿಸ್ಟರ್

ಧರ್ಮಸಭೆಯ ಕಾನೂನಿನ 287ನೇ ವಿಧಿ ತೋರಿಸಿ. ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗುವಂತಿಲ್ಲ ಅಂತ ಅದರಲ್ಲೇ ಇದೆ.

ಒತ್ತಕ್ಷರ

ಎಕ್ಸೆಲ್‌ಗೆ ಇಳಿಸುವ ಬಟನ್ ಬರೆಯಲೇಬೇಡಿ. ಗುರ್ಕಾರ್‌ಗೆ ತನ್ನ ವಾಳೆಯ ಮನೆಗಳು ಮಾತ್ರ, ಪುಟಕ್ಕೆ 20. ಯಾರು ಯಾವ ಮನೆ ತೆರೆದರು ಅನ್ನುವ ಲಾಗ್ ಇರಲಿ.

ಡೊಮೈನ್, ಸರ್ವರ್ ಖಾತೆ ಧರ್ಮಕೇಂದ್ರದ ಇಮೇಲಿನಲ್ಲಿರಲಿ, ನಿಮ್ಮದರಲ್ಲಲ್ಲ. ಇಲ್ಲವಾದರೆ ಭಾನುವಾರದ ಮಾತು ಉಳಿಯುವುದಿಲ್ಲ, ಸರ್ವರ್ ಬಿದ್ದಾಗ ಪೂಜೆಯ ನಡುವೆಯೇ ಫೋನ್ ಬರುತ್ತದೆ. ಪ್ರತಿ ರಾತ್ರಿ ಗೂಢಲಿಪಿಯ ಬ್ಯಾಕಪ್, ವಾರಕ್ಕೊಮ್ಮೆ ಅದರ ಪ್ರತಿ ಡಿಸ್ಕಿಗೆ. ಡಿಸ್ಕು ಇಗರ್ಜಿಯ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ, ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ, ಬೇರೆ ಕಪಾಟಿನಲ್ಲಿ. ಮೂರು ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಖಾಲಿ ಲ್ಯಾಪ್‌ಟಾಪಿಗೆ ಇಳಿಸಿ, 640 ಮನೆಯೂ ಬಂತಾ ಅಂತ ಎಣಿಸಿ.