ಅಪ್‌ಡೇಟ್: ದೇವರನ್ನು ನಂಬಿದರೂ ಭಯ ಹೋಗುತ್ತಿಲ್ಲ ಎಂದು ಕೇಳಿದ್ದೆ

ಎರಡು ತಿಂಗಳ ಹಿಂದೆ ನಿಮ್ಮೆಲ್ಲರ ಹತ್ತಿರ ಕೇಳಿದ್ದೆ. ಕೆಲಸ ಹೋಗಿದೆ, ಅಪ್ಪನ ಬಯಾಪ್ಸಿ ರಿಪೋರ್ಟ್ ಬರಬೇಕು, ದಿನಾ ಪ್ರಾರ್ಥನೆ ಮಾಡಿದರೂ ಎದೆ ಢವಢವ ಅನ್ನುವುದು ನಿಂತಿಲ್ಲ, ಹಾಗಾದರೆ ನನ್ನ ನಂಬಿಕೆಯೇ ಸುಳ್ಳಾ ಅಂತ. ಉತ್ತರ ಬರೆದ ಎಲ್ಲರಿಗೂ ಕೈಮುಗಿಯುತ್ತೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಕ್ಯಾನ್ಸರ್ ಅಂತಲೇ ಬಂತು. ಎರಡು ಕೀಮೋ ಆಗಿವೆ. ಕೆಲಸ ಇನ್ನೂ ಸಿಕ್ಕಿಲ್ಲ.

"ಭಯ ಹೋಗಲಿ ಅಂತ ಕಾಯಬೇಡಿ, ಆ ಭಯವನ್ನೇ ದೇವರ ಮುಂದೆ ಇಡಿ" ಅಂತ ಒಬ್ಬರು ಬರೆದಿದ್ದರು. ಅದು ಮನಸ್ಸಿಗೆ ನಾಟಿತು. ಅಲ್ಲಿಯವರೆಗೆ ಬಾಯಲ್ಲಿ ಮಾತ್ರ "ಎಲ್ಲಾ ನಿನ್ನಿಷ್ಟ" ಅನ್ನುತ್ತಿದ್ದೆ, ಒಳಗೆ ಬೇರೆಯೇ ಕುದಿಯುತ್ತಿತ್ತು. ರಿಪೋರ್ಟ್ ಬಂದ ರಾತ್ರಿ ಬಚ್ಚಲುಮನೆ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಅತ್ತೆ. ನಮಗೇ ಯಾಕೆ ಅಂತ ದೇವರ ಹತ್ತಿರ ಜಗಳ ಮಾಡಿದೆ. ಉತ್ತರ ಏನೂ ಬರಲಿಲ್ಲ. ಆದರೆ ಜಗಳ ಆಡಿದ್ದೂ ನಂಬಿಕೆ ಇದ್ದದ್ದಕ್ಕೇ ಅಲ್ವಾ? ಯಾರೂ ಇಲ್ಲ ಅನ್ನಿಸಿದರೆ ಯಾರ ಹತ್ತಿರ ಜಗಳ ಆಡುವುದು?

ಈಗ ಪ್ರಾರ್ಥನೆ ಚಿಕ್ಕದಾಗಿದೆ. ಇವತ್ತಿಗೆ ಸಾಕಾಗುವಷ್ಟು ಶಕ್ತಿ ಕೊಡು, ಅಷ್ಟೇ. ಡಾಕ್ಟರ್ ಹೇಳಿದ್ದು ಒಂದನ್ನೂ ಬಿಡುತ್ತಿಲ್ಲ. "ದೇವರಿದ್ದಾನೆ, ವಾಸಿಯಾಗೇ ಆಗುತ್ತೆ" ಅಂತ ಯಾರಾದರೂ ಅಂದರೆ ಮಾತ್ರ ಈಗಲೂ ಸಂಕಟವಾಗುತ್ತದೆ. ಅವನು ನನಗೆ ಅಂಥ ಮಾತು ಕೊಟ್ಟಿಲ್ಲ. ನಾನು ನಂಬಿರುವುದು ಅವನನ್ನು, ರಿಪೋರ್ಟನ್ನಲ್ಲ.

ಮೊನ್ನೆ ಅಪ್ಪನ ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ನಾನು ಒಂದೊಂದಾಗಿ ಹಾಕಿದೆ. ಮೇಲಿನ ಗುಂಡಿಗೆ ಬಂದಾಗ "ನಿನ್ನ ಕೈ ಈಗ ನಡುಗ್ತಿಲ್ಲ ಮಗಳೇ" ಅಂದರು. ನಾನೇ ಗಮನಿಸಿರಲಿಲ್ಲ.

ಮುಂದಿನ ಸ್ಕ್ಯಾನ್ ಮೂರು ವಾರಕ್ಕಿದೆ. ನಿಮ್ಮ ಪ್ರಾರ್ಥನೆಯಲ್ಲಿ ಅಪ್ಪನನ್ನೂ ನೆನೆಸಿಕೊಳ್ಳಿ.