ಜೂನ್‌ನಲ್ಲಿ ನಮ್ಮ ಬೋಟ್ ನಿಂತರೆ ಲಾಭ ಯಾರಿಗೆ?

ಪ್ರಶ್ನೆ (ಮೀನು ವ್ಯಾಪಾರಿ, ಮಂಡ್ಯ): ಸರ್, ನಮಗೆ ಮಾಲು ಬರುವುದು ಮಂಗಳೂರು, ಮಲ್ಪೆಯಿಂದ. ಜೂನ್ ಬಂತೆಂದರೆ ಅಲ್ಲಿ ಬೋಟ್ ಬಂದ್. ಆದರೂ ಮೈಸೂರಿನ ಅಂಗಡಿಗಳಲ್ಲಿ ಬಂಗುಡೆ ಸಿಗುತ್ತದೆ, ರೇಟ್ ಮಾತ್ರ ಜಾಸ್ತಿ. ಮತ್ತೆ ಬೋಟ್ ಹೊರಡುವ ಹೊತ್ತಿಗೆ ಶ್ರಾವಣ, ಗಿರಾಕಿಯೇ ಇಲ್ಲ! ನಮ್ಮವರನ್ನು ನಿಲ್ಲಿಸಿ ಬೇರೆಯವರಿಗೆ ದಾರಿ ಬಿಟ್ಟ ಹಾಗಲ್ವಾ?

ಉತ್ತರ (ಮೀನುಗಾರಿಕೆ ಇಲಾಖೆಯ ನಿವೃತ್ತ ಅಧಿಕಾರಿ, ಮೈಸೂರು): ಶ್ರಾವಣಕ್ಕೆ ನನ್ನ ಹತ್ತಿರ ಮದ್ದಿಲ್ಲ. ಉಳಿದದ್ದು ಅರ್ಧ ನಿಜ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟ್‌ಗಳಿಗೆ ಕಡ್ಡಾಯ ರಜೆ. ಎಷ್ಟೋ ಜಾತಿಯ ಮೀನು ಮೊಟ್ಟೆ ಇಡುವ ಕಾಲ ಅದು. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ತಮಿಳುನಾಡು, ಆಂಧ್ರದ ಕಡೆ ರಜೆ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಜೂನ್ ಅರ್ಧ ಕಳೆದ ಮೇಲೆ ಅಲ್ಲಿಯ ಮೀನು ಇತ್ತ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ, ಮೇನಲ್ಲಿ ಅವರ ಬೋಟ್ ದಡದಲ್ಲಿ, ನಮ್ಮದು ಕಡಲಲ್ಲಿ. ಆಗ ಯಾರೂ ದೂರುವುದಿಲ್ಲ ನೋಡಿ.

ಕೇರಳದ ವಿಷಯದಲ್ಲಿ ನಿಮ್ಮ ತಕರಾರು ಸರಿ. ಅಲ್ಲಿ ಟ್ರಾಲ್ ಬೋಟ್‌ಗಳಿಗೆ, ಅಂದರೆ ಚೀಲದಂಥ ಬಲೆ ಎಳೆಯುತ್ತಾ ಸಾಗುವ ಬೋಟ್‌ಗಳಿಗೆ, ರಜೆ 52 ದಿನ ಮಾತ್ರ. ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳು ಮಳೆಗಾಲದಲ್ಲೂ ಹೋಗುತ್ತವೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ಕಡಲು ಆಯಾ ರಾಜ್ಯದ ಕೈಯಲ್ಲಿದೆ. ಮೀನಿಗೆ ಗಡಿ ಗೊತ್ತಿಲ್ಲ, ಮಾರುಕಟ್ಟೆಗೂ ಅಷ್ಟೇ.

ಆದರೆ ರಜೆಯಿಂದ ಒಂದೇ ಬಂದರಿನ ಬೋಟ್‌ಗಳ ನಡುವೆ ಯಾರಿಗೂ ಮೇಲುಗೈ ಆಗುವುದಿಲ್ಲ. ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಒಟ್ಟಿಗೆ ಹೊರಡುತ್ತಾರೆ. ನಿಜವಾದ ಜಗಳ ಇರುವುದು ಲೈಟ್ ಫಿಶಿಂಗ್‌ನಲ್ಲಿ. ರಾತ್ರಿ ಎಲ್‌ಇಡಿ ಬೆಳಕು ಬಿಟ್ಟು ಮೀನಿನ ಹಿಂಡನ್ನೇ ಸೆಳೆದು ಬಾಚುತ್ತಾರೆ. ಇನ್ನೊಂದು ಬುಲ್ ಟ್ರಾಲಿಂಗ್, ಅಂದರೆ ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವುದು. 2017ರಲ್ಲೇ ಕೇಂದ್ರ ಸರ್ಕಾರ ಎರಡನ್ನೂ ನಿಷೇಧಿಸಿದೆ.

ಪ್ರಶ್ನೆ (ಅದೇ ವ್ಯಾಪಾರಿ): ನಿಷೇಧ ಇದ್ದರೂ ಕದ್ದು ಹಿಡಿದರೆ?

ಉತ್ತರ: ನಿಮ್ಮ ಮಂಡ್ಯದ ಗದ್ದೆಗಳಿಗೆ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯನ್ನೇ ನೆನಪಿಸಿಕೊಳ್ಳಿ. ಮೇಲಿನವನು ಪಂಪ್ ಇಟ್ಟರೆ ಕೊನೆಯ ಭಾಗದವನ ಗದ್ದೆ ಒಣಗುತ್ತದೆ. ಕಡಲಲ್ಲೂ ನಿಯಮ ಪಾಲಿಸಿದವನಿಗೇ ನಷ್ಟ. ಬಲೆಯ ಕಣ್ಣಿನದ್ದೂ, ಅಂದರೆ ಹೆಣಿಗೆಯ ತೂತಿನದ್ದೂ, ಇದೇ ಕಥೆ. ಟ್ರಾಲ್ ಬಲೆಯ ಹಿಂದಿನ ಚೀಲದ ಕಣ್ಣು 35 ಮಿಲಿಮೀಟರ್ ಇರಬೇಕು. ಒಬ್ಬ ಸಣ್ಣ ಕಣ್ಣಿನ ಬಲೆ ಹಾಕಿದರೆ ಪಕ್ಕದವನು, "ನಾನೊಬ್ಬ ಬಿಟ್ಟರೆ ಮರಿ ಉಳಿಯುತ್ತಾ?" ಎನ್ನುತ್ತಾನೆ. ಸುಮ್ನೆ ಕೇಳುವ ಪ್ರಶ್ನೆಯಲ್ಲ ಅದು. ಮರಿ ಮೀನಿಗೂ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಯಲ್ಲಿ ದುಡ್ಡು ಸಿಗುತ್ತದೆ. ಕಡಲ ಮಧ್ಯೆ ಬಲೆ ಅಳೆಯುವುದು ಕಷ್ಟ. ನನ್ನ ಕೇಳಿದರೆ, ತಪಾಸಣೆ ಬಂದರಿನಲ್ಲೇ ಬಿಗಿಯಾಗಬೇಕು, ಮರಿ ಕೊಳ್ಳುವವನಿಗೂ ದಂಡ ಬೀಳಬೇಕು.

ಪ್ರಶ್ನೆ (ಮೈಸೂರಿನ ಒಬ್ಬ ಮಹಿಳೆ): ಅಮೆರಿಕದವರು ನಮ್ಮ ಸಿಗಡಿ ಬೇಡ ಅಂದರಂತೆ, ಹೌದಾ ಸರ್?

ಉತ್ತರ: ಕಡಲಲ್ಲಿ ಹಿಡಿದ ಸಿಗಡಿ ಮಾತ್ರ ಮೇಡಂ, 2019ರಲ್ಲಿ. ಬಲೆಗೆ ಸಿಕ್ಕ ಕಡಲಾಮೆ ಹೊರಗೆ ಹೋಗಲು ದಾರಿ ಇರಬೇಕು ಎನ್ನುವುದು ಅವರ ಕಾನೂನು. ನಾವು ಅಲ್ಲಿಗೆ ಕಳಿಸುವುದರಲ್ಲಿ ಹೆಚ್ಚಿನದು ಕೊಳದಲ್ಲಿ ಸಾಕಿದ ವನ್ನಾಮಿ ಜಾತಿಯ ಸಿಗಡಿ. ಅದಕ್ಕೆ ಈ ತಡೆ ಇಲ್ಲ. ಪೆಟ್ಟು ಬಿದ್ದದ್ದು ಕಡಲಿಗೆ ಹೋಗಿ ಸಿಗಡಿ ಹಿಡಿಯುವ ಟ್ರಾಲ್ ಬೋಟ್‌ನವರಿಗೆ.