ಹಳೆಯ ಕಾರಿನ ಕನೆಕ್ಟರ್‌ಗಳನ್ನು ಕಿಟ್ ಕಾರಿಗೆ ಹಾಕಬಹುದೇ?

ಕವೆಂಟ್ರಿ ಕನ್ನಡಿಗ: ಇಲ್ಲಿ ಇಂಗ್ಲೆಂಡಿನಲ್ಲಿ 1990ರ ದಶಕದ ಮಜ್ದಾ ಎಂಎಕ್ಸ್-5 ಒಂದನ್ನು ಬಿಚ್ಚಿ, ಅದರ ಇಂಜಿನ್ ಮತ್ತು ವೈರಿಂಗನ್ನು ಕಿಟ್ ಕಾರಿಗೆ, ಅಂದರೆ ಬಿಡಿಭಾಗಗಳನ್ನು ತರಿಸಿ ನಾವೇ ಕಟ್ಟಿಕೊಳ್ಳುವ ಕಾರಿಗೆ, ಜೋಡಿಸುತ್ತಿದ್ದೇನೆ. ಕನೆಕ್ಟರ್‌ಗಳು ನೋಡಲು ಚೆನ್ನಾಗಿವೆ. ಅವನ್ನೇ ಉಳಿಸಿಕೊಳ್ಳಲೇ, ಎಲ್ಲವನ್ನೂ ಹೊಸದಾಗಿ ಹಾಕಲೇ?

ತಂತಿಜಾಲ: ಒಂದನ್ನೂ ಉಳಿಸಬೇಡಿ. ಅಲ್ಲಿಯ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎಲ್ಲವನ್ನೂ ಕುಡಿದ ತಾಮ್ರ ಅದು. ಹೊರಗೆ ಹೊಳೆಯುತ್ತಿದ್ದರೂ ತಂತಿಯ ಹೊದಿಕೆಯೊಳಗೆ ಕಿಲುಬು ಹತ್ತಿರಬಹುದು.

ಹಳೇ ಜೀಪು: ಇದನ್ನು ನಾನು ಒಪ್ಪುವುದಿಲ್ಲ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಆಲ್ಟರ್ನೇಟರ್, ಸೆನ್ಸರ್‌ಗಳ ಪ್ಲಗ್‌ಗಳಿಗೆ ಅವುಗಳದೇ ಆಕಾರ. ಕತ್ತರಿಸಿ ಎಸೆದರೆ ಅಂಥದ್ದೇ ಹೊಸದಕ್ಕಾಗಿ ಅಲೆಯಬೇಕು. ಮೇಲಾಗಿ, ಕಾರ್ಖಾನೆಯ ಯಂತ್ರ ಹಾಕಿದ ಕ್ರಿಂಪ್ (ತಂತಿಗೆ ಪಿನ್ನನ್ನು ಒತ್ತಿ ಕೂಡಿಸಿದ ಜೋಡಣೆ) ಇದು. ಅಗ್ಗದ ಇಕ್ಕಳದಲ್ಲಿ ಒತ್ತಿದ ಹೊಸ ಕ್ರಿಂಪಿಗಿಂತ ಇದನ್ನೇ ನಾನು ನಂಬುತ್ತೇನೆ.

ತಂತಿಜಾಲ: ಸೆನ್ಸರ್‌ಗಳ ವಿಷಯದಲ್ಲಿ ಒಪ್ಪಿದೆ. ಆದರೆ ರೇಡಿಯೇಟರ್ ಫ್ಯಾನ್, ಹೆಡ್‌ಲೈಟ್? 10 ಆಂಪಿಯರ್ ಹರಿಯುವಲ್ಲಿ ಸವೆದ ಪಿನ್ 0.1 ಓಮ್ ರೋಧ ಒಡ್ಡಿದರೆ 1 ವೋಲ್ಟ್ ಅಲ್ಲೇ ಹೋಯಿತು. ಜೊತೆಗೆ 10 ವ್ಯಾಟ್ ಶಾಖ ಆ ಪುಟ್ಟ ಪ್ಲಾಸ್ಟಿಕ್ಕಿನೊಳಗೆ! ಕರಗದೆ ಇನ್ನೇನಾಗುತ್ತದೆ?

ದಾವಣಗೆರೆ ಎಲೆಕ್ಟ್ರಿಷಿಯನ್: ವಾದವೇಕೆ ಸರ್, ಅಳೆದೇ ನೋಡಿ. ಮಲ್ಟಿಮೀಟರಿನಲ್ಲಿ ಬರೀ ರೋಧ ನೋಡಿದರೆ ಸಾಲದು. ಅದು ಹರಿಸುವ ಕರೆಂಟ್ ತೀರಾ ಕಡಿಮೆ, ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಸರಿಯಿದೆ ಎನ್ನುತ್ತದೆ. ಇಸಿಯು ಕಳಚಿಟ್ಟು, ಪವರ್ ಲೈನಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಹಾಕಿ. ಸುಮಾರು 4.5 ಆಂಪಿಯರ್ ಹರಿಯುವಾಗ ಕನೆಕ್ಟರಿನ ಈ ಬದಿಯಿಂದ ಆ ಬದಿಗೆ ಎಷ್ಟು ವೋಲ್ಟ್ ಇಳಿಯುತ್ತದೆ ಎಂದು ನೋಡಿ. 0.1 ವೋಲ್ಟ್ ದಾಟಿದರೆ ನಾನು ಅದನ್ನು ಇಟ್ಟುಕೊಳ್ಳುವುದಿಲ್ಲ. ಸೆನ್ಸರ್ ತಂತಿಗಳಿಗೆ ಮಾತ್ರ ಈ ಪರೀಕ್ಷೆ ಬೇಡ. ಅಲ್ಲಿ ಒಂಟಿ ಪಿನ್ನನ್ನು ತೂರಿಸಿ ಹಿಡಿತ ನೋಡಿದರೆ ಸಾಕು, ಸಡಿಲವಾಗಿ ಜಾರಿದರೆ ಒಳಗಿನ ಸ್ಪ್ರಿಂಗ್ ಸೋತಿದೆ ಎಂದರ್ಥ. ದಯವಿಟ್ಟು ಉಪ್ಪುಕಾಗದದಿಂದ ಪಿನ್ ಉಜ್ಜಬೇಡಿ, ತವರದ ಲೇಪ ಹೋದರೆ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ.

ಹಳೇ ಜೀಪು: ಅರ್ಥಿಂಗನ್ನು ಯಾರೂ ಎತ್ತಲಿಲ್ಲ. ಹಳೆಯ ಕಾರಿನಲ್ಲಿ ಉಕ್ಕಿನ ಬಾಡಿಯೇ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತಿತ್ತು. ನಿಮ್ಮದು ಫೈಬರ್‌ಗ್ಲಾಸ್ ಬಾಡಿಯಾದರೆ ಪ್ರತಿ ದೀಪಕ್ಕೂ ಅರ್ಥ್ ತಂತಿ ಎಳೆಯಲೇಬೇಕು. ಅವುಗಳ ತುದಿಯ ಉಂಗುರಗಳು ಹೊಸವೇ ಆಗಲಿ, ಇಲ್ಲಿ ನನ್ನದೂ ತಕರಾರಿಲ್ಲ.

ಕವೆಂಟ್ರಿ ಕನ್ನಡಿಗ: ಹೌದು, ಫೈಬರ್‌ಗ್ಲಾಸೇ. ಇಸಿಯು, ಸೆನ್ಸರ್ ಪ್ಲಗ್‌ಗಳನ್ನು ಹಿಡಿತ ನೋಡಿ ಉಳಿಸುತ್ತೇನೆ, ಬಾಲದಂತೆ ಉದ್ದ ತಂತಿ ಬಿಟ್ಟೇ ಕತ್ತರಿಸುತ್ತೇನೆ. ಫ್ಯಾನ್, ದೀಪ, ಇಂಧನ ಪಂಪಿಗೆ ನೀರು ನುಗ್ಗದ ಹೊಸ ಕನೆಕ್ಟರ್. ಇಂಥ ಕಾರನ್ನು ರಸ್ತೆಗಿಳಿಸುವ ಮುನ್ನ ಇಲ್ಲಿ ನಡೆಯುವ ಐವಿಎ ತಪಾಸಣೆಯಲ್ಲಿ ತಂತಿಗಳನ್ನು 300 ಮಿಲಿಮೀಟರಿಗೊಮ್ಮೆ ಬಿಗಿದಿರಬೇಕೆಂಬ ನಿಯಮವೂ ಇದೆ, ಕ್ಲಿಪ್‌ಗಳನ್ನೂ ತರಿಸಬೇಕು. ಹಳೆಯ ಫ್ಯೂಸ್ ಬಾಕ್ಸ್ ಉಳಿಸಬಹುದಲ್ಲವೇ?

ತಂತಿಜಾಲ: ಬೇಡ. ಕಾರಿನ ಹೆಚ್ಚಿನ ಉಪಕರಣಗಳ ಕರೆಂಟ್ ಹಾಯುವ ಜಾಗ ಅದು. ಅದನ್ನೇ ಮೊದಲು ಬದಲಿಸಿ.

ದಾವಣಗೆರೆ ಎಲೆಕ್ಟ್ರಿಷಿಯನ್: ಮೊದಲು ಬಿಚ್ಚಿ, ಹಿಂಬದಿಯ ಫೋಟೊ ಹಾಕಿ ಸರ್. ಟರ್ಮಿನಲ್ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿದ್ದರೆ ನಾನೂ ಬೇಡ ಎನ್ನುತ್ತೇನೆ.